ಅವರು ಹೇಳುತ್ತಾರೆ

ಮುಖರ್ಜಿ ನಗರಕ್ಕೆ ಬಂದವರು ಮೊದಲು ಕಲಿಯುವುದು ಲೆಕ್ಕ. ಪ್ರಿಲಿಮ್ಸ್‌ನ ಮೊದಲ ಪತ್ರಿಕೆಗೆ ನೂರು ಪ್ರಶ್ನೆ, ಇನ್ನೂರು ಅಂಕ, ತಪ್ಪು ಉತ್ತರಕ್ಕೆ ಮೂರನೇ ಒಂದು ಭಾಗ ಕಡಿತ. ಮೇನ್ಸ್‌ಗೆ 1750, ಸಂದರ್ಶನಕ್ಕೆ 275. ಲೈಬ್ರರಿ ಸೀಟಿಗೆ ತಿಂಗಳಿಗೆ ಇಷ್ಟು, ಡಬ್ಬಾಕ್ಕೆ ಇಷ್ಟು, ಒಂದು ಹೊತ್ತಿನ ಡಬ್ಬಾ ಬಿಟ್ಟರೆ ಉಳಿಯುವುದು ಇಷ್ಟು. 2021ರ ಅಕ್ಟೋಬರ್‌ನಲ್ಲಿ ನಾನು ತಿಪಟೂರಿನಿಂದ ಇಲ್ಲಿಗೆ ಬಂದಾಗ ಈ ಕೊನೆಯ ಲೆಕ್ಕದಿಂದಲೇ ಎಲ್ಲ ಶುರುವಾಯಿತು ಅಂತ ಈಗ ಅನ್ನಿಸುತ್ತದೆ. ಆಗ ಅದನ್ನು ಶಿಸ್ತು ಅಂದುಕೊಂಡಿದ್ದೆ.

ಅಪ್ಪ ಕೊಬ್ಬರಿ ಮಂಡಿಯಲ್ಲಿ ಗುಮಾಸ್ತರು. ಯಾರದೋ ಕೊಬ್ಬರಿಯ ತೂಕ ಬರೆದು ಬರೆದು ನನ್ನನ್ನು ಓದಿಸಿದವರು. ಪ್ರತಿ ತಿಂಗಳು ಐದನೇ ತಾರೀಖಿನೊಳಗೆ ದುಡ್ಡು ಹಾಕುತ್ತಿದ್ದರು, ಎಂದೂ ಲೆಕ್ಕ ಕೇಳಲಿಲ್ಲ. ಅವರು ಕೇಳದ ಲೆಕ್ಕವನ್ನು ಕೇಳಲು ನನ್ನೊಳಗೆ ಇನ್ನೊಬ್ಬರು ಬಂದು ಕೂತರು. ‘ಇವತ್ತು ಎಷ್ಟು ಪುಟ ಓದಿದೆ? ಅಷ್ಟಕ್ಕೆ ನಾಲ್ಕು ಚಪಾತಿ ಬೇಕಾ?’ ಅಂತ. ಮೊದಮೊದಲು ಅದು ಗೆಳತಿಯ ದನಿಯಂತೆಯೇ ಇತ್ತು. ಮಧ್ಯಾಹ್ನದ ಊಟ ಬಿಟ್ಟ ದಿನ ನಿದ್ದೆ ತೂಗುತ್ತಿರಲಿಲ್ಲ, ಮಾಕ್ ಟೆಸ್ಟಿನಲ್ಲಿ ಅಂಕ ಬರುತ್ತಿತ್ತು, ‘ನೋಡಿದೆಯಾ’ ಅನ್ನುತ್ತಿತ್ತು. ಇಷ್ಟು ದೊಡ್ಡ ಊರಿನಲ್ಲಿ ನನ್ನನ್ನು ಗಮನಿಸುತ್ತಿದ್ದ ಒಂದೇ ಒಂದು ಜೀವ ಅದು.

ಅಮ್ಮ ಫೋನ್ ಮಾಡಿದಾಗ ಮೊದಲ ಮಾತು ‘ಊಟ ಆಯ್ತಾ?’. ನಮ್ಮಲ್ಲಿ ಅದು ಪ್ರಶ್ನೆಯೂ ಅಲ್ಲ, ನಮಸ್ಕಾರದ ಹಾಗೆ. ‘ಆಯ್ತು’ ಅನ್ನುವುದು ಅಷ್ಟೇ ಸಲೀಸು. ‘ಏನು ಮಾಡಿದ್ರು?’ ಅಂದರೆ ರಾಜ್ಮಾ, ಪನೀರ್ ಅಂತ ಮೆನು ಓದುತ್ತಿದ್ದೆ. ಒಂದು ನವೆಂಬರ್‌ನಲ್ಲಿ, ರಾವ್ ತುಲಾ ರಾಮ್ ಮಾರ್ಗದ ದೆಹಲಿ ಕರ್ನಾಟಕ ಸಂಘಕ್ಕೆ ಹೋಗಿ ಬಿಸಿಬೇಳೆಬಾತ್ ತಿಂದು ಬಂದೆ ಅಂತ ಪೂರ್ತಿ ಕತೆ ಕಟ್ಟಿದ್ದೆ. ಅಮ್ಮ ಖುಷಿಯಾದಳು, ತುಪ್ಪ ಹಾಕಿದ್ರಾ ಅಂತಲೂ ಕೇಳಿದಳು. ಆ ದಿನ ನಾನು ರೂಮು ಬಿಟ್ಟು ಕದಲಿರಲಿಲ್ಲ. ಇನ್ನು ರಜೆಗೆ ಊರಿಗೆ ಹೋದಾಗ ‘ಒಪ್ಪತ್ತು ಮಾಡ್ತಿದ್ದೀನಿ’ ಅಂದರೆ ಮುಗಿಯಿತು. ಪರೀಕ್ಷೆಗೆ ಹರಕೆ ಹೊತ್ತಿದ್ದಾಳೆ ಅಂದುಕೊಂಡು ಅಜ್ಜಿ ಮೆಚ್ಚಿಕೊಂಡರು. ಊಟ ಬಿಡುವುದಕ್ಕೆ ನಮ್ಮ ಭಾಷೆಯಲ್ಲಿ ಎಷ್ಟೊಂದು ಮರ್ಯಾದೆಯ ಶಬ್ದಗಳಿವೆ ಅನ್ನುವುದು ನನಗೆ ಬೇಕಾದಷ್ಟು ಉಪಯೋಗಕ್ಕೆ ಬಂತು.

ನನ್ನ ತೂಕ ಎಷ್ಟಕ್ಕೆ ಇಳಿಯಿತು ಅಂತ ಇಲ್ಲಿ ಬರೆಯುವುದಿಲ್ಲ. ಇಂಥ ಲೇಖನಗಳನ್ನು ನಾನು ಆಗ ಹುಡುಕಿ ಹುಡುಕಿ ಓದುತ್ತಿದ್ದದ್ದು ಆ ಒಂದು ಸಂಖ್ಯೆಗಾಗಿಯೇ, ಅದಕ್ಕಿಂತ ಕೆಳಗಿಳಿಯಲಿಕ್ಕೆ. ಹಾಗೆ ಓದುವವರು ಈ ಪುಟದಲ್ಲೂ ಒಬ್ಬರಾದರೂ ಇರುತ್ತಾರೆ. ಮುಟ್ಟು ನಿಂತಿತ್ತು, ಮೇ ತಿಂಗಳ ದೆಹಲಿಯಲ್ಲಿ ಚಳಿಯಾಗುತ್ತಿತ್ತು, ಬಾಚಣಿಗೆಯ ತುಂಬ ಕೂದಲು ಬರುತ್ತಿತ್ತು, ಅಷ್ಟು ಸಾಕು. ಹತ್ತಿರದ ಒಂದು ಕ್ಲಿನಿಕ್ಕಿನ ವೈದ್ಯರು ‘ಟೆನ್ಷನ್, ಇಲ್ಲಿಯ ಹುಡುಗಿಯರಿಗೆಲ್ಲ ಇದೇ’ ಅಂತ ಕಬ್ಬಿಣಾಂಶದ ಮಾತ್ರೆ ಬರೆದುಕೊಟ್ಟರು.

2023ರ ಪ್ರಿಲಿಮ್ಸ್ ಮೇ 28ಕ್ಕೆ ನಡೆಯಿತು. ಜೂನ್ 12, ಸೋಮವಾರ ಫಲಿತಾಂಶ ಬಂತು, ನನ್ನ ನಂಬರ್ ಇರಲಿಲ್ಲ. ಮೂರು ದಿನ ಆ ದನಿ ಬಾಯಿ ಮುಚ್ಚಲಿಲ್ಲ. ಗುರುವಾರ, ಜೂನ್ 15ಕ್ಕೆ, ಬತ್ರಾ ಕಡೆಯ ಒಂದು ಕೋಚಿಂಗ್ ಕಟ್ಟಡಕ್ಕೆ ಬೆಂಕಿ ಬಿತ್ತು. ನಿಮ್ಮಲ್ಲಿ ಹೆಚ್ಚಿನವರು ವಿಡಿಯೋ ನೋಡಿರುತ್ತೀರಿ, ಹುಡುಗ ಹುಡುಗಿಯರು ಕಿಟಕಿಯಿಂದ ಹೊರಬಂದು ಕೇಬಲ್, ಹಗ್ಗ ಹಿಡಿದು ಜಾರುತ್ತಿದ್ದದ್ದು. ತುಂಬ ಜನಕ್ಕೆ ಗಾಯವಾಯಿತು. ಯಾರೂ ಸಾಯಲಿಲ್ಲ ಅನ್ನುವುದೇ ದೊಡ್ಡದು. ನಾನು ಎರಡು ಗಲ್ಲಿ ಆಚೆಯ ಲೈಬ್ರರಿಯಲ್ಲಿದ್ದವಳು ಗಲಾಟೆ ಕೇಳಿ ಹೊರಗೆ ಬಂದೆ. ಗುಂಪಿನ ಹಿಂದೆ ನಿಂತು ಮೇಲೆ ನೋಡುತ್ತಿದ್ದಾಗ ನನಗೆ ಬಂದದ್ದು ಒಂದೇ ಯೋಚನೆ: ನಾನು ಅಲ್ಲಿದ್ದಿದ್ದರೆ ಕೇಬಲ್ ಹಿಡಿದುಕೊಳ್ಳಲು ನನ್ನ ಕೈಗೆ ಆಗುತ್ತಿರಲಿಲ್ಲ. ಅದೇ ಬೆಳಿಗ್ಗೆ ಇಪ್ಪತ್ತು ಲೀಟರಿನ ನೀರಿನ ಕ್ಯಾನನ್ನು ರೂಮಿನ ಬಾಗಿಲಿಂದ ಒಳಕ್ಕೆ ಎಳೆಯಲೂ ಆಗದೆ ಅಲ್ಲೇ ಬಿಟ್ಟು ಬಂದಿದ್ದೆ. ಆ ದನಿ ತಕ್ಷಣ ಹೇಳಿತು: ‘ನೀನು ಹಗುರ ಇದ್ದೀಯ. ಸಲೀಸಾಗಿ ಇಳಿಯುತ್ತಿದ್ದೆ.’

ಆವತ್ತು ಮೊದಲ ಸಲ ಅದು ಸುಳ್ಳು ಹೇಳಿದ್ದು ನನಗೆ ಗೊತ್ತಾಯಿತು.

ರೂಮಿಗೆ ಬಂದು ಮೆಟ್ಟಿಲಲ್ಲೇ ಕೂತೆ. ರೂಮ್‌ಮೇಟ್ ಕಲಬುರಗಿಯವಳು, ಮಾತು ಕಡಿಮೆ, ಜಗಳ ಜಾಸ್ತಿ. ‘ನೀ ಉಣ್ಣಂಗಿಲ್ಲ ಅನ್ನೋದು ನನಗ ಒಂದು ವರ್ಷದಿಂದ ಗೊತ್ತದ’ ಅಂದಳು. ಅವಳೇ 14416ಕ್ಕೆ ಫೋನ್ ಹಚ್ಚಿದಳು. ಅದು 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರಕಾರದ ಟೆಲಿ ಮಾನಸ್ ಸಹಾಯವಾಣಿ, ಅದನ್ನು ನಡೆಸುವ ಮುಖ್ಯ ಕೇಂದ್ರ ನಮ್ಮ ಬೆಂಗಳೂರಿನ ನಿಮ್ಹಾನ್ಸ್. ಆ ಕಡೆಯವರು ಮೊದಲು ಆಸ್ಪತ್ರೆಗೆ ಹೋಗಿ ಅಂದರು. ಹೋದೆವು. ನಾಡಿ ನಿಧಾನವಾಗಿತ್ತು, ಇಸಿಜಿ, ರಕ್ತಪರೀಕ್ಷೆ ಎಲ್ಲ ಆಯಿತು, ಊಟವನ್ನು ಒಮ್ಮೆಲೇ ಹೆಚ್ಚಿಸುವುದೂ ಅಪಾಯ ಅಂತ ಒಂದು ಪಟ್ಟಿ ಕೊಟ್ಟರು. ಅದು ವೈದ್ಯರ ಭಾಗ, ಅದರ ಬಗ್ಗೆ ನನಗೆ ಹೆಚ್ಚು ಹೇಳಲಿಕ್ಕಿಲ್ಲ. ನನಗೆ ಹೇಳಬೇಕಾಗಿರುವುದು ಮನಶ್ಶಾಸ್ತ್ರಜ್ಞೆಯ ಕೋಣೆಯಲ್ಲಿ ಆದದ್ದು.

ಮೊದಲ ದಿನ ಅವರು ಒಂದು ಪ್ರಶ್ನಾವಳಿ ಕೊಟ್ಟರು. ಇಎಟಿ-26 ಅಂತ. 1982ರಲ್ಲಿ ಡೇವಿಡ್ ಗಾರ್ನರ್ ಮತ್ತವರ ಜತೆಗಾರರು ಕೆನಡಾದಲ್ಲಿ ರೂಪಿಸಿದ್ದು, ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಇಪ್ಪತ್ತಾರು ವಾಕ್ಯ, ಪ್ರತಿಯೊಂದಕ್ಕೂ ‘ಯಾವಾಗಲೂ’ಯಿಂದ ‘ಎಂದೂ ಇಲ್ಲ’ದವರೆಗೆ ಆರು ಉತ್ತರ. ಮೊತ್ತ ಇಪ್ಪತ್ತು ಮುಟ್ಟಿದರೆ ಮುಂದೆ ವಿಚಾರಿಸಬೇಕು ಅಂತ ಅರ್ಥ. ನನ್ನದು ಇಪ್ಪತ್ತಕ್ಕಿಂತ ಕಡಿಮೆ ಬಂತು.

ಎರಡು ಕಾರಣ. ಒಂದು, ನಾನು ಮುಖರ್ಜಿ ನಗರದ ಪ್ರಾಡಕ್ಟು. ಕಾಗದ ಕೈಗೆ ಬಂದ ಕೂಡಲೇ ಇದನ್ನು ಮಾಡಿದವನಿಗೆ ಯಾವ ಉತ್ತರ ಬೇಕು ಅಂತ ಯೋಚಿಸುವವಳು. ಮಧ್ಯದ ಉತ್ತರಗಳನ್ನೇ ಆರಿಸಿಕೊಂಡು ಹೋದೆ. ಸರಿಯಾಗಿ ಹೇಳಬೇಕೆಂದರೆ ಆರಿಸಿದ್ದು ನಾನಲ್ಲ. ‘ಹೀಗೆ ಬರಿ, ಇಲ್ಲದಿದ್ದರೆ ಊರಿಗೆ ಕಳಿಸುತ್ತಾರೆ’ ಅಂತ ಪಕ್ಕದಲ್ಲೇ ಒಬ್ಬರು ಹೇಳಿಕೊಡುತ್ತಿದ್ದರು. ಯಾವುದನ್ನು ಅಳೆಯಬೇಕೋ ಅದರ ಕೈಗೇ ಪೆನ್ನು ಕೊಟ್ಟ ಹಾಗಾಯಿತು.

ಇನ್ನೊಂದು ಕಾರಣ ಇನ್ನೂ ಮುಖ್ಯ ಅನ್ನಿಸುತ್ತದೆ. ಆ ಪ್ರಶ್ನೆಗಳಲ್ಲಿ ಅನೇಕವು ದಪ್ಪಗಾಗುವ ಭಯದ ಬಗ್ಗೆ. ನನ್ನೊಳಗಿನ ದನಿ ಎಂದೂ ‘ದಪ್ಪ’ ಅಂದಿರಲಿಲ್ಲ. ಅದು ಅನ್ನುತ್ತಿದ್ದದ್ದು ‘ದಂಡ’, ‘ಸೋಮಾರಿ’, ‘ಅಪ್ಪನ ದುಡ್ಡು’. ತಿನ್ನಲು ಅರ್ಹತೆ ಬೇಕು, ಅದು ನಿನಗಿಲ್ಲ ಅನ್ನುವುದು ಅದರ ವಾದ. ಇದು ನನ್ನೊಬ್ಬಳ ವಿಚಿತ್ರ ಅಂದುಕೊಂಡಿದ್ದೆ. ಅಲ್ಲವಂತೆ. ಹಾಂಗ್‌ಕಾಂಗಿನ ಮನೋವೈದ್ಯ ಸಿಂಗ್ ಲೀ 1990ರ ದಶಕದಲ್ಲೇ, ದಪ್ಪಗಾಗುವ ಭಯದ ಮಾತೇ ಆಡದ ಅನೊರೆಕ್ಸಿಯಾ ರೋಗಿಗಳ ಬಗ್ಗೆ ಬರೆದಿದ್ದಾರೆ. ನಮ್ಮ ಇದೇ ದೆಹಲಿಯ ಏಮ್ಸ್‌ನ ಖಂಡೇಲ್ವಾಲ್, ಶರಣ್, ಸಕ್ಸೇನಾ 1995ರಲ್ಲಿ ಐವರು ಯುವತಿಯರ ಬಗ್ಗೆ ಬರೆದ ಲೇಖನದಲ್ಲೂ ಊಟದ ನಿರಾಕರಣೆ, ವಾಂತಿ, ತೂಕ ಇಳಿತ ಇವೆ, ಕನ್ನಡಿ ಮುಂದೆ ನಿಂತು ಕೊರಗುವ ಪಾಶ್ಚಾತ್ಯ ಚಿತ್ರ ಇಲ್ಲ. ಇದೆಲ್ಲ ಶ್ರೀಮಂತರ, ಮಾಡೆಲ್‌ಗಳ ಕಾಯಿಲೆ, ನಮ್ಮಲ್ಲಿ ಎಲ್ಲಿದೆ ಅನ್ನುವವರಿಗೆ ಇನ್ನೊಂದು ಮಾತು. 2012ರಲ್ಲಿ ಬೆಂಗಳೂರಿನ ಮನೋವೈದ್ಯರನ್ನೇ ಕೇಳಿ ಮಾಡಿದ ಒಂದು ಸಮೀಕ್ಷೆ ಪ್ರಕಟವಾಯಿತು. ಸುಮಾರು ಮೂರರಲ್ಲಿ ಇಬ್ಬರು ಇಂಥ ಒಂದಾದರೂ ಕೇಸು ನೋಡಿದ್ದೇವೆ ಅಂದಿದ್ದರು.

ಕಾಯಿಲೆಯ ಹೆಸರೂ ಅಷ್ಟು ಸರಿಯಿಲ್ಲ. 1870ರ ದಶಕದಲ್ಲಿ ಲಂಡನ್ನಿನ ವಿಲಿಯಂ ಗಲ್ ‘ಅನೊರೆಕ್ಸಿಯಾ ನರ್ವೋಸಾ’ ಅಂತ ಹೆಸರಿಟ್ಟರು. ಅನೊರೆಕ್ಸಿಯಾ ಅಂದರೆ ಹಸಿವಿಲ್ಲದಿರುವುದು. ನನಗೆ ಹಸಿವಿಲ್ಲದ ದಿನವೇ ಇರಲಿಲ್ಲ. ರಾತ್ರಿ ಒಂದು ಗಂಟೆಗೆ ಇಯರ್‌ಫೋನ್ ಹಾಕಿಕೊಂಡು ಮುದ್ದೆ ತಿರುವುವುದು, ಒಗ್ಗರಣೆ ಹಾಕುವುದು, ಇಂಥ ವಿಡಿಯೋಗಳನ್ನು ಗಂಟೆಗಟ್ಟಲೆ ನೋಡುತ್ತಿದ್ದೆ. 1944–45ರಲ್ಲಿ ಅಮೆರಿಕದ ಮಿನೆಸೋಟದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಮಂದಿ ಆರೋಗ್ಯವಂತ ಯುವಕರನ್ನು, ಅವರ ಒಪ್ಪಿಗೆಯಿಂದಲೇ, ತಿಂಗಳುಗಟ್ಟಲೆ ಅರೆಹೊಟ್ಟೆಯಲ್ಲಿಟ್ಟು ಪ್ರಯೋಗ ಮಾಡಿದ್ದರು. ಅಡುಗೆಯಲ್ಲಿ ಆಸಕ್ತಿಯೇ ಇಲ್ಲದ ಆ ಗಂಡಸರಲ್ಲಿ ಕೆಲವರು ಅಡುಗೆ ಪುಸ್ತಕ ಕೂಡಿಡಲು ಶುರುಮಾಡಿದರು, ಮಂಕಾದರು, ಸಿಡುಕಾದರು. ಹಸಿವೆ ತಾನೇ ತಲೆಯನ್ನು ಹಾಗೆ ಮಾಡುತ್ತದೆ. ಇದನ್ನು ಕೇಳಿ ನನಗೆ ಸಮಾಧಾನವಾಯಿತು, ಸ್ವಲ್ಪ ಅವಮಾನವೂ ಆಯಿತು. ನನ್ನ ಛಲ ಅಂದುಕೊಂಡಿದ್ದರಲ್ಲಿ ಅರ್ಧ ಬರೀ ಹಸಿವೆಯ ಕೆಲಸ.

ದನಿಯ ಮಾತು ಬಂದದ್ದು ಮೂರನೆಯ ಭೇಟಿಯಲ್ಲಿ. ನಾವಿಬ್ಬರೂ ಹಿಂದಿಯಲ್ಲೇ ಮಾತಾಡುತ್ತಿದ್ದದ್ದು, ನನ್ನದು ಕೋಚಿಂಗ್ ಹಿಂದಿ. ಬೆಳಿಗ್ಗೆ ಯಾಕೆ ತಿಂಡಿ ಬಿಟ್ಟೆ ಅಂದಾಗ ನಾನು, ‘ವೋ ಕಹತೇ ಹೈಂ ಕಿ ಪಹಲೇ ಪಢೋ’ ಅಂದೆ. ಅವರು ಬರೆಯುತ್ತಿದ್ದದ್ದನ್ನು ನಿಲ್ಲಿಸಿ ಕೇಳಿದರು: ‘ಕಹತೇ ಹೈಂ? ಕೌನ್ ಕಹತೇ ಹೈಂ?’

ನನಗೆ ಗಾಬರಿಯಾಯಿತು. ತಲೆ ಕೆಟ್ಟಿದೆ ಅಂತ ಬರೆದುಕೊಳ್ಳುತ್ತಾರೆ ಅಂದುಕೊಂಡೆ. ಅವರು ನಿಧಾನವಾಗಿ ಬಿಡಿಸಿ ಹೇಳಿದರು. ಕಿವಿಗೆ ಹೊರಗಿನಿಂದ ದನಿ ಕೇಳಿಸುವುದೇ ಬೇರೆ, ಇದೇ ಬೇರೆ. ಅನೊರೆಕ್ಸಿಯಾ ಇರುವ ಎಷ್ಟೋ ಜನ ತಮ್ಮೊಳಗೆ ಒಂದು ದನಿ ಇದೆ ಅನ್ನುತ್ತಾರೆ. ಅದು ತಮ್ಮದೇ ಮನಸ್ಸಿನದು ಅಂತ ಅವರಿಗೆ ಗೊತ್ತು, ಆದರೂ ಅದು ಎದುರು ನಿಂತು ‘ನೀನು’ ಅನ್ನುತ್ತದೆ. ಸ್ಟೆಫನಿ ಟಿಯರ್ನಿ ಮತ್ತು ಜಾನ್ ಫಾಕ್ಸ್ ಅನ್ನುವ ಸಂಶೋಧಕರು 2010ರಲ್ಲಿ ಇಂಥವರ ಅನುಭವಗಳನ್ನೇ ಒಟ್ಟುಮಾಡಿ ಪ್ರಕಟಿಸಿದ್ದಾರೆ. ಮೊದಲು ಸಂಗಾತಿಯ ಹಾಗೆ ಬರುತ್ತದೆ, ಆಮೇಲೆ ಹೊಡೆಯುವ ಗಂಡನ ಹಾಗಾಗುತ್ತದೆ, ಬಿಟ್ಟು ಹೋಗಲೂ ಆಗುವುದಿಲ್ಲ. ನನ್ನ ಡೈರಿಯನ್ನು ಯಾರೋ ಕದ್ದು ಓದಿದ್ದಾರೆ ಅನ್ನಿಸಿತು.

ಆಮೇಲೆ ಅವರು ಏಳು ಸಾಲಿನ ಒಂದು ಚಿಕ್ಕ ಅಳತೆ ತೋರಿಸಿದರು. ಇದು ಮೂಲತಃ ಬೇರೆ ಕಾಯಿಲೆಗೆ, ಹೊರಗಿನಿಂದ ದನಿ ಕೇಳಿಸುವವರಿಗಾಗಿ, ಇಂಗ್ಲೆಂಡಿನಲ್ಲಿ ಮ್ಯಾಕ್ಸ್ ಬರ್ಚ್‌ವುಡ್ ಮತ್ತವರ ತಂಡ 2000ದಲ್ಲಿ ಮಾಡಿದ್ದು. ಅದನ್ನು ಮ್ಯಾಥ್ಯೂ ಪ್ಯೂ ಮತ್ತು ಗ್ಲೆನ್ ವಾಲರ್ 2016ರಲ್ಲಿ ಅನೊರೆಕ್ಸಿಯಾದ ದನಿಗೆ ಹಚ್ಚಿ ನೋಡಿದರು. ಈಗ ಈ ದನಿಗೆಂದೇ ಒಂದು ಪ್ರತ್ಯೇಕ ಪ್ರಶ್ನಾವಳಿಯೂ ಇದೆಯಂತೆ. ಈ ಏಳು ಸಾಲುಗಳು ಕೇಳುವುದು ಸರಳ: ನೀನು ಮತ್ತು ಆ ದನಿ, ಇಬ್ಬರಲ್ಲಿ ಯಾರಿಗೆ ಅಧಿಕಾರ ಹೆಚ್ಚು? ಯಾರಿಗೆ ಬಲ ಹೆಚ್ಚು? ಆತ್ಮವಿಶ್ವಾಸ ಯಾರಿಗೆ? ಯಾರು ಯಾರನ್ನು ಗೌರವಿಸುತ್ತಾರೆ? ಯಾರು ಯಾರಿಗೆ ಕೇಡು ಮಾಡಬಲ್ಲರು? ಯಾರು ಮೇಲು? ತಿಳಿವಳಿಕೆ ಯಾರಿಗೆ ಜಾಸ್ತಿ? ಪ್ರತಿ ಸಾಲಿಗೂ ಒಂದರಿಂದ ಐದು. ‘ಇದು ರೋಗ ಪತ್ತೆಯ ಪರೀಕ್ಷೆ ಅಲ್ಲ, ಪಾಸು ಫೇಲು ಇಲ್ಲ, ನಾವು ಮಾತಾಡಲು ಒಂದು ದಾರಿ ಅಷ್ಟೇ’ ಅಂದರು. ನನ್ನ ಇಎಟಿ ಕಾಗದದ ಕತೆ ಅವರಿಗೆ ಗೊತ್ತಾಗಿತ್ತು ಅಂತ ಕಾಣುತ್ತದೆ. ಈ ಸಲ ಪೆನ್ನು ಅವರೇ ಹಿಡಿದಿದ್ದರು.

ಏಳು ಸಾಲಿಗೂ ಐದು ಕೊಟ್ಟೆ. ಎಲ್ಲ ಆ ಕಡೆಗೆ. ಗೌರವದ ಸಾಲಿನಲ್ಲಿ ಮಾತ್ರ ತಡೆದೆ, ಹಿಂದಿಯಲ್ಲಿ ಹೇಳಲು ಬರಲಿಲ್ಲ. ‘ನಿಮ್ಮ ಭಾಷೆಯಲ್ಲೇ ಬರೆದುಕೊಂಡು ಬನ್ನಿ. ಅದು ಏನು ಹೇಳುತ್ತದೆ, ನೀವೇನು ಹೇಳುತ್ತೀರಿ, ಹೇಗಿದೆಯೋ ಹಾಗೆ’ ಅಂದರು.

ಒಂದು ವಾರ ಬರೆದೆ. ಕನ್ನಡ ಸಾಹಿತ್ಯ ನನ್ನ ಐಚ್ಛಿಕ ವಿಷಯ, ಬರೆಯುವುದು ಕಷ್ಟವಲ್ಲ. ಆದರೆ ಬರೆದದ್ದನ್ನು ಓದಿಕೊಂಡಾಗ ಮೈ ತಣ್ಣಗಾಯಿತು. ಆ ದನಿ ನನಗೆ ಅಂದದ್ದೆಲ್ಲ ಏಕವಚನ. ‘ಏನೇ, ನಾಚಿಕೆ ಆಗಲ್ವೇನೇ?’ ‘ಮುಚ್ಚಿಡೇ ಅದನ್ನ.’ ನಾನು ಅದರ ಬಗ್ಗೆ ಬರೆದ ಒಂದೊಂದು ವಾಕ್ಯವೂ ಬಹುವಚನ. ‘ಅವರು ಬೇಡ ಅಂದರು.’ ‘ಅವರಿಗೆ ಸಿಟ್ಟು ಬಂತು.’ ‘ಇವತ್ತು ಅವರು ಏನೂ ಹೇಳಲಿಲ್ಲ.’ ಅಪ್ಪನನ್ನು ಬಿಟ್ಟರೆ ನಾನು ಅಷ್ಟು ಮರ್ಯಾದೆಯಿಂದ ಬರೆಯುವುದು ನನ್ನ ಹೈಸ್ಕೂಲ್ ಹೆಡ್‌ಮಾಸ್ತರರ ಬಗ್ಗೆ. ಅಮ್ಮ ಕೂಡ ನನಗೆ ‘ಅವಳು’. ನನ್ನನ್ನು ಉಪವಾಸ ಕೆಡವಿದ್ದಕ್ಕೆ ಮಾತ್ರ ‘ಅವರು’.

ಇದನ್ನು ಅವರ ಮುಂದಿಟ್ಟಾಗ ವಿವರಿಸುವ ಕೆಲಸವೇ ಇರಲಿಲ್ಲ. ಆಪ್, ತುಮ್, ತೂ ಇರುವ ಭಾಷೆಯವರು. ಮೊದಲ ದಿನವೇ ‘ಕಹತೇ ಹೈಂ’ ಅಂದಾಗ ಅವರ ಕಿವಿ ನಿಮಿರಿದ್ದು ಅದಕ್ಕೇ. ಇಂಗ್ಲಿಷಿನಲ್ಲಿ ಇಬ್ಬರೂ ‘ಯೂ’, ಅದಕ್ಕೇ ಅವರಿಗೆ ಒಂದರಿಂದ ಐದರ ಪಟ್ಟಿ ಬೇಕಾಯಿತೇನೋ. ನಮ್ಮಲ್ಲಿ ಕ್ರಿಯಾಪದದ ಕೊನೆಯಲ್ಲೇ ತಕ್ಕಡಿ ಇದೆ. (ಇದು ಶಾಸ್ತ್ರವಲ್ಲ, ನನ್ನ ಅಂದಾಜು. ಕನ್ನಡದಲ್ಲಿ ಮನಶ್ಶಾಸ್ತ್ರ ಓದುತ್ತಿರುವವರು ಯಾರಾದರೂ ಕೈಗೆತ್ತಿಕೊಂಡರೆ ಸಂತೋಷ.)

‘ಮುಂದಿನ ವಾರ “ಅದು” ಅಂತ ಬರೆಯಿರಿ’ ಅಂದರು. ಅಷ್ಟೇ. ಆ ದನಿಯ ಜತೆ ಜಗಳ ಬೇಡ, ಅದರ ಮಾತು ಮೀರುವುದೂ ಸದ್ಯಕ್ಕೆ ಬೇಡ, ವ್ಯಾಕರಣ ಬದಲಿಸಿ ಸಾಕು.

ನಂಬುತ್ತೀರೋ ಇಲ್ಲವೋ, ಎರಡು ಚಪಾತಿ ಹೆಚ್ಚು ತಿನ್ನುವುದಕ್ಕಿಂತ ಇದು ಕಷ್ಟವಾಯಿತು. ‘ಅದು ಬೇಡ ಅಂದಿತು’ ಅಂತ ಬರೆಯಲು ಹೋದರೆ ಕೈ ನಡುಗಿತು, ದೇವರ ಫೋಟೋಗೆ ಕಾಲು ತಾಗಿಸಿದ ಹಾಗೆ. ಹೊಡೆದು ಹಾಕಿ ಮತ್ತೆ ‘ಅವರು’ ಅಂತ ಬರೆದೆ. ಮತ್ತೆ ಹೊಡೆದೆ. ಆ ನೋಟ್‌ಬುಕ್ ಇನ್ನೂ ಇದೆ, ಆಗಸ್ಟ್ ತಿಂಗಳ ಪುಟಗಳ ತುಂಬ ಗೀಚು. ಸೆಪ್ಟೆಂಬರ್ ಮಧ್ಯದಲ್ಲಿ ಒಂದು ಕಡೆ, ಯೋಚನೆ ಮಾಡದೆಯೇ, ‘ಅದಕ್ಕೇನು ಗೊತ್ತು’ ಅಂತ ಇದೆ. ಪಕ್ಕದಲ್ಲಿ ಕಲಬುರಗಿಯವಳು ಪೆನ್ಸಿಲಿನಲ್ಲಿ ರೈಟ್ ಹಾಕಿದ್ದಾಳೆ. ನನ್ನ ನೋಟ್‌ಬುಕ್ ಕದ್ದು ಓದುತ್ತಿದ್ದಳು ಅಂತ ಆಗಲೇ ಗೊತ್ತಾದದ್ದು, ಜಗಳವಾಯಿತು.

ಏಳು ಸಾಲನ್ನು ತಿಂಗಳಿಗೊಮ್ಮೆ ತುಂಬುತ್ತ ಬಂದೆವು. ಗ್ರಾಫು ನೆಟ್ಟಗೆ ಇಳಿಯಿತು ಅಂತ ಬರೆದರೆ ಚೆನ್ನಾಗಿರುತ್ತಿತ್ತು. ಮೊದಲು ಇಳಿದದ್ದು ಬಲದ ಸಾಲು, ಅದೂ ನೀರಿನ ಕ್ಯಾನನ್ನು ಒಬ್ಬಳೇ ಒಳಗೆ ತಂದ ತಿಂಗಳು. ಗೌರವ ಮೂರಕ್ಕೆ ಬಂತು. 2024ರ ಪ್ರಿಲಿಮ್ಸ್ ಚುನಾವಣೆಯ ಕಾರಣಕ್ಕೆ ಮೇ 26ರಿಂದ ಜೂನ್ 16ಕ್ಕೆ ಹೋಯಿತು, ಆ ಹೆಚ್ಚುವರಿ ಮೂರು ವಾರದಲ್ಲಿ ಎಲ್ಲ ಸಾಲುಗಳೂ ಮತ್ತೆ ನಾಲ್ಕು, ಐದು. ಪರೀಕ್ಷೆ ಬರೆದೆ, ಆಗಲಿಲ್ಲ. ಆವತ್ತು ಬೆಳಿಗ್ಗೆ ತಿಂಡಿ ತಿಂದು ಹೋಗಿದ್ದೆ ಅನ್ನುವುದನ್ನು ಮಾತ್ರ ಬರೆದಿಟ್ಟುಕೊಂಡಿದ್ದೇನೆ.

ಅಮ್ಮನಿಗೆ ಹೇಳಿದ್ದು ಆ ದಸರಾಕ್ಕೆ ಊರಿಗೆ ಹೋದಾಗ. ಅಟ್ಟದ ಕೆಳಗೆ ಕೂತಿದ್ದೆವು. ಕೊಬ್ಬರಿಯಾಗಲೆಂದು ಇಟ್ಟ ಕಾಯಿ ಅಟ್ಟದಲ್ಲಿ ತಿಂಗಳುಗಟ್ಟಲೆ ಕೂತು ಒಳಗೊಳಗೇ ಒಣಗುತ್ತದೆ, ಹೊರಗೆ ಏನೂ ಕಾಣುವುದಿಲ್ಲ, ಅಲ್ಲಾಡಿಸಿದರೆ ಗೊತ್ತಾಗುತ್ತದೆ. ಅಪ್ಪ ಒಂದೊಂದನ್ನೇ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದರು. ಎಲ್ಲ ಕೇಳಿ ಅಮ್ಮ ಅಂದದ್ದು ಇಷ್ಟು: ‘ಹಂಗಾದ್ರೆ ಆ ಬಿಸಿಬೇಳೆಬಾತು?’ ನಾನು ಇಲ್ಲ ಅಂದೆ. ಅವಳು ತುಂಬ ಹೊತ್ತು ಅತ್ತಳು, ಬೇರೆ ಯಾವುದಕ್ಕೂ ಅಲ್ಲ, ಆ ಒಂದಕ್ಕೆ. ಅಪ್ಪ ಕಾಯಿ ಅಲ್ಲಾಡಿಸುವುದನ್ನು ನಿಲ್ಲಿಸಿ, ‘ನಾನು ಯಾವತ್ತಾದ್ರೂ ದುಡ್ಡಿನ ಲೆಕ್ಕ ಕೇಳಿದ್ನಾ?’ ಅಂದರು. ಇಲ್ಲ ಅಂದೆ. ‘ಮತ್ತೆ ಕೇಳಿದ್ದು ಯಾರು?’ ಅಂದರು. ಅದಕ್ಕೆ ಏನು ಹೇಳಬೇಕೋ ತಿಳಿಯಲಿಲ್ಲ.

ಈಗಲೂ ಮುಖರ್ಜಿ ನಗರದಲ್ಲೇ ಇದ್ದೇನೆ. ಒಂದು ಟೆಸ್ಟ್ ಸೀರೀಸ್‌ಗೆ ಮೇನ್ಸ್ ಉತ್ತರಪತ್ರಿಕೆ ತಿದ್ದುವ ಕೆಲಸ, ಪತ್ರಿಕೆಗೆ ಇಷ್ಟು ಅಂತ. ಅಂಕ ಕೊಡುವಾಗ ಮಾರ್ಜಿನ್ನಿನಲ್ಲಿ ಏನಾದರೂ ಬರೆಯಬೇಕು, ಅದು ನಿಯಮ. ‘ಇನ್ನೂ ಶ್ರಮ ಬೇಕು’ ಅಂತ ಬರೆಯಲು ಹೋಗಿ ಎಷ್ಟೋ ಸಲ ಕೈ ತಡೆಯುತ್ತದೆ, ಇದನ್ನು ಓದುವವಳು ಆಮೇಲೆ ಡಬ್ಬಾ ತೆಗೆಯುತ್ತಾಳೋ ಇಲ್ಲವೋ ಅಂತ. ಹಾಗಂತ ಕೆಟ್ಟ ಉತ್ತರಕ್ಕೆ ಹೆಚ್ಚು ಅಂಕ ಕೊಡುವುದಿಲ್ಲ.

ಅಮ್ಮ ಈಗ ‘ಊಟ ಆಯ್ತಾ’ ಅನ್ನುವುದಿಲ್ಲ. ‘ಏನು ತಿಂದೆ’ ಅಂತಾಳೆ, ಫೋಟೋ ಕಳಿಸು ಅಂತಾಳೆ. ಕಳಿಸುತ್ತೇನೆ. ಕೆಲವು ದಿನ ಹಳೆಯ ಫೋಟೋ ಕಳಿಸುವ ಆಸೆಯಾಗುತ್ತದೆ, ಎರಡು ಸಲ ಕಳಿಸಿಯೂ ಇದ್ದೇನೆ. ಒಂದನ್ನು ಅವಳು ಕಂಡುಹಿಡಿದಳು, ತಟ್ಟೆಯ ಪಕ್ಕದ ಕ್ಯಾಲೆಂಡರ್ ನೋಡಿ.

ಕಳೆದ ತಿಂಗಳು ಮತ್ತೆ ಏಳು ಸಾಲು ತುಂಬಿದೆವು. ಹೆಚ್ಚಿನವು ಎರಡು, ಮೂರು. ತಿಳಿವಳಿಕೆ ಯಾರಿಗೆ ಜಾಸ್ತಿ ಅನ್ನುವ ಸಾಲಿಗೆ ಇನ್ನೂ ಐದನ್ನೇ ಕೊಡುತ್ತಿದ್ದೇನೆ. ಯಾಕೆ ಅಂತ ಅವರು ಕೇಳಿದರು. ನನ್ನ ಬಗ್ಗೆ ಎಲ್ಲ ಗೊತ್ತಿದೆಯಲ್ಲ ಅವರಿಗೆ, ಅಂದೆ. ಅಂದ ಮೇಲೆ ನಾನೇ ನಾಲಿಗೆ ಕಚ್ಚಿಕೊಂಡೆ. ಅವರು ನಗಲಿಲ್ಲ, ಐದನ್ನು ಹಾಗೆಯೇ ಬರೆದುಕೊಂಡರು.